ಗಡಸು ಗೇನ್‌ನಲ್ಲಿಲ್ಲ

ಎಸಿ/ಡಿಸಿಯ ‘ಬ್ಯಾಕ್ ಇನ್ ಬ್ಲ್ಯಾಕ್’ ಕೇಳಿ ಮರುಳಾದ ಹುಡುಗನೊಬ್ಬ ಅದೇ ಗಿಟಾರ್ ಟೋನ್ ತನಗೂ ಬೇಕೆಂದು ಹೊರಟರೆ ಎಲ್ಲ ಕಡೆಯಿಂದಲೂ ಅವನಿಗೆ ಒಂದೇ ಸಲಹೆ ಸಿಗುತ್ತದೆ: ಗೇನ್ ಏರಿಸು, ಎಂದರೆ ಆಂಪ್ಲಿಫೈಯರ್ (ಆಂಪ್) ಗಿಟಾರಿನ ಸಂಕೇತವನ್ನು ಹಿಗ್ಗಿಸುವ ಪ್ರಮಾಣವನ್ನು ಹೆಚ್ಚಿಸು. ವಾದ್ಯದಂಗಡಿಯಲ್ಲಿ ಅವನ ಕೈಗೆ ಡಿಸ್ಟಾರ್ಷನ್ ಪೆಡಲ್ ಕೊಡುತ್ತಾರೆ. ಗೆಳೆಯರು ಇನ್ನೂ ಜೋರಾದ ಪಿಕಪ್ ಹಾಕಿಸು ಎನ್ನುತ್ತಾರೆ. ಆಂಪ್ ಸಾಫ್ಟ್‌ವೇರ್ ತೆರೆದರೆ ‘ಕ್ಲಾಸಿಕ್ ರಾಕ್’ ಹೆಸರಿನ ಪ್ರಿಸೆಟ್‌ನಲ್ಲಿ ಗೇನ್ ನಾಬ್ ಆಗಲೇ ಮುಕ್ಕಾಲು ಸುತ್ತು ದಾಟಿ ಕೂತಿರುತ್ತದೆ. ಹಾರ್ಡ್ ರಾಕ್ ಎಂದರೆ ಗಡಸು, ಗಡಸು ಎಂದರೆ ಡಿಸ್ಟಾರ್ಷನ್, ಡಿಸ್ಟಾರ್ಷನ್ ಎಂದರೆ ಗೇನ್. ಈ ಲೆಕ್ಕವನ್ನು ಯಾರೂ ತಿರುಗಿ ನೋಡುವುದಿಲ್ಲ.

ಲೆಕ್ಕ ತಪ್ಪಾಗಿದೆ. ಇದನ್ನು ರುಚಿಭೇದ ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಆ ಧ್ವನಿಮುದ್ರಿಕೆಗಳೇ ಕಣ್ಣೆದುರಿಗಿವೆ, ಅವುಗಳನ್ನು ನುಡಿಸಿದ ಸಲಕರಣೆಗಳ ವಿವರಗಳೂ ಇವೆ. ನಾವು ಹಾರ್ಡ್ ರಾಕ್‌ನ ಶಿಖರವೆಂದು ಒಪ್ಪಿಕೊಂಡಿರುವ ಮುದ್ರಿಕೆಗಳಲ್ಲಿ ಹೆಚ್ಚಿನವು ಇವತ್ತಿನ ಹವ್ಯಾಸಿ ಗಿಟಾರಿಸ್ಟನ ಮಲಗುವ ಕೋಣೆಯಲ್ಲಿರುವ ಗೇನ್‌ನ ಅರ್ಧದಷ್ಟೂ ಇಲ್ಲದೆ ಮೂಡಿದವು. ಗೇನ್ ಏರಿಸುತ್ತಾ ಹೋದವನು ಆ ನಾದದಿಂದ ದೂರ ಹೋಗುತ್ತಾನೆ. ದೂರ ಹೋದಷ್ಟೂ ಇನ್ನೂ ಸಾಲದೆಂದು ಮತ್ತೆ ಏರಿಸುತ್ತಾನೆ.

ಮೊದಲು ಆ ಹಾಡನ್ನೇ ಕೇಳೋಣ. 1980ರ ಫೆಬ್ರುವರಿ 19ರಂದು ಎಸಿ/ಡಿಸಿಯ ಗಾಯಕ ಬಾನ್ ಸ್ಕಾಟ್ ಲಂಡನ್ನಿನಲ್ಲಿ ತೀರಿಕೊಂಡ. ತಂಡ ಬ್ರಯಾನ್ ಜಾನ್ಸನ್‌ನನ್ನು ಸೇರಿಸಿಕೊಂಡು ಆ ವಸಂತದಲ್ಲೇ ಬಹಾಮಾಸ್‌ನ ಕಂಪಾಸ್ ಪಾಯಿಂಟ್ ಸ್ಟುಡಿಯೊ ಸೇರಿತು. ನಿರ್ಮಾಪಕ ಮಟ್ ಲ್ಯಾಂಗ್, ಎಂಜಿನಿಯರ್ ಟೋನಿ ಪ್ಲಾಟ್. ಜುಲೈ 25ಕ್ಕೆ ಆಲ್ಬಮ್ ಹೊರಬಂತು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳ ಸಾಲಿನಲ್ಲಿ ಅದು ಇವತ್ತಿಗೂ ಇದೆ. ಶೀರ್ಷಿಕೆ ಗೀತೆಯ ಆರಂಭವನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹೈ-ಹ್ಯಾಟ್‌ನ ಎಣಿಕೆ, ಅದರ ಜೊತೆಗೇ ಅದುಮಿದ ತಂತಿಯ ಮೇಲೆ ಪಿಕ್ ಕೆರೆಯುವ ಸಣ್ಣ ಸದ್ದು. ಆಮೇಲೆ ಇ, ಡಿ, ಎ ಎಂಬ ಮೂರು ಕಾರ್ಡ್‌ಗಳು. ಕಾರ್ಡ್ ಬಡಿದ ಮೇಲೆ ಒಂದು ಖಾಲಿ ಜಾಗ, ಅಲ್ಲಿ ಫಿಲ್ ರಡ್‌ನ ಡ್ರಮ್ ಮಾತ್ರ. ಗಿಟಾರ್ ನಿಂತಾಗ ನಿಜವಾಗಿಯೂ ನಿಲ್ಲುತ್ತದೆ, ಎಳೆಯಷ್ಟು ಗುಂಯ್‌ಗುಡುವಿಕೆಯೂ ಉಳಿಯುವುದಿಲ್ಲ. ಮರಳಿ ಮರಳಿ ಬರುವ ಆ ಗಿಟಾರ್ ನುಡಿಯ, ಎಂದರೆ ರಿಫ್‌ನ, ಪೆಟ್ಟು ಇರುವುದೇ ಅಲ್ಲಿ. ಮೌನ ಎಷ್ಟು ಖಚಿತವೋ ಮುಂದಿನ ಕಾರ್ಡ್‌ನ ಏಟು ಅಷ್ಟು ಖಚಿತ.

ಗೇನ್ ಮೇಲಿಟ್ಟ ಆಂಪ್‌ನಲ್ಲಿ ಇದೇ ರಿಫ್ ನುಡಿಸಿ ನೋಡಿ. ಗೇನ್ ತಂತಿಯ ಸ್ವರವನ್ನಷ್ಟೇ ಹಿಗ್ಗಿಸುವುದಿಲ್ಲ. ಪಿಕಪ್ ಹಿಡಿದ ವಿದ್ಯುತ್ ಗುನುಗು, ಆಂಪ್‌ನ ಒಳಗಿನ ಹಿಸ್ ಸದ್ದು, ಬೆರಳು ತಂತಿಯ ಮೇಲೆ ಜಾರುವ ಸದ್ದು ಎಲ್ಲವನ್ನೂ ಅದು ಒಂದೇ ಮಟ್ಟಕ್ಕೆ ಎತ್ತುತ್ತದೆ. ಖಾಲಿ ಜಾಗ ಗದ್ದಲದಿಂದ ತುಂಬಿಹೋಗುತ್ತದೆ. ಅದನ್ನು ಅಡಗಿಸಲು ನಾಯ್ಸ್ ಗೇಟ್ ಕೊಳ್ಳಬೇಕು. ಆ ಗೇಟ್ ಕಾರ್ಡ್‌ನ ಬಾಲವನ್ನು ಕತ್ತರಿಸುತ್ತದೆ, ಮೆಲ್ಲಗೆ ನುಡಿಸಿದ್ದನ್ನು ನುಂಗುತ್ತದೆ. ಕೈಯಿಂದ ತಂತಿ ಮುಚ್ಚಿ ಮಾಡಬೇಕಾದ ಕೆಲಸವನ್ನು ಒಂದು ಪೆಟ್ಟಿಗೆಗೆ ಒಪ್ಪಿಸಿದರೆ ಅದೂ ಸರಿಯಾಗಿ ಮಾಡುವುದಿಲ್ಲ, ಕೊನೆಗೆ ರಿಫ್‌ನ ಎಲುಬೇ ಮುರಿಯುತ್ತದೆ.

ಇನ್ನು ಆ ಕಾಲದ ಹಾರ್ಡ್ ರಾಕ್ ನುಡಿಸಿದ ಮಾರ್ಷಲ್ ಆಂಪ್‌ನ ಮುಖವನ್ನೇ ನೋಡಿ. ಜಿಮ್ ಮಾರ್ಷಲ್ ಲಂಡನ್ನಿನ ಹ್ಯಾನ್ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟುಕೊಂಡಿದ್ದವನು. ಗಿರಾಕಿ ಗಿಟಾರಿಸ್ಟರು ಕೇಳಿದ್ದಕ್ಕೆ 1962ರಲ್ಲಿ ತನ್ನ ಜೊತೆಗಾರರೊಂದಿಗೆ ಫೆಂಡರ್ ಬೇಸ್‌ಮನ್ ಎಂಬ ಅಮೆರಿಕನ್ ಆಂಪ್‌ನ ಸರ್ಕ್ಯೂಟ್ ಆಧರಿಸಿ ತನ್ನ ಮೊದಲ ಆಂಪ್ ಮಾಡಿದ. ಕೆಲವೇ ವರ್ಷಗಳಲ್ಲಿ ಅದು 100 ವಾಟ್‌ಗೆ ಬೆಳೆದು ‘ಸೂಪರ್ ಲೀಡ್’ ಆಯಿತು. ಅದರ ಮಾದರಿ ಸಂಖ್ಯೆ 1959, ಅದು ಇಸವಿಯಲ್ಲ. ಮುಂಭಾಗದಲ್ಲಿ ಆರು ನಾಬ್‌ಗಳು: ಪ್ರೆಸೆನ್ಸ್, ಬೇಸ್, ಮಿಡ್ಲ್, ಟ್ರೆಬಲ್, ಎರಡು ವಾಲ್ಯೂಮ್. ಹಾರ್ಡ್ ರಾಕ್‌ನ ಇಡೀ ಭಾಷೆಯನ್ನು ಕಟ್ಟಿಕೊಟ್ಟ ಆಂಪ್‌ನಲ್ಲಿ ‘ಗೇನ್’ ಎಂಬ ನಾಬ್ ಇಲ್ಲವೇ ಇಲ್ಲ. ಇದ್ದದ್ದು ವಾಲ್ಯೂಮ್. ಅದನ್ನು ಏರಿಸಿದಾಗ ಮೊದಲು ಸದ್ದು ಹೆಚ್ಚುತ್ತಿತ್ತು, ಆಮೇಲೆ ಸ್ವಲ್ಪ ಸ್ವಲ್ಪವೇ ಒಡೆಯತೊಡಗುತ್ತಿತ್ತು. ಆ ಒಡಕೇ ಡಿಸ್ಟಾರ್ಷನ್. ಸದ್ದು ಮತ್ತು ಒಡಕನ್ನು ಬೇರೆಬೇರೆ ನಾಬ್‌ಗಳಲ್ಲಿ ಇಟ್ಟ ಮಾಸ್ಟರ್ ವಾಲ್ಯೂಮ್ ಮಾದರಿಯನ್ನು ಮಾರ್ಷಲ್ ಕಂಪನಿ ತಂದದ್ದು 1975ರಲ್ಲಿ. ಅಷ್ಟರೊಳಗೆ ಲೆಡ್ ಜೆಪ್ಪೆಲಿನ್, ಡೀಪ್ ಪರ್ಪಲ್, ಬ್ಲ್ಯಾಕ್ ಸಬ್ಬತ್ ತಂಡಗಳ ಮುಖ್ಯ ಮುದ್ರಿಕೆಗಳೆಲ್ಲ ಹೊರಬಂದಾಗಿತ್ತು.

ಒಡೆಯುವುದು ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ತಪ್ಪು ತಿಳಿವಳಿಕೆ ಇಲ್ಲೇ ಬೇರೂರಿದೆ. ಸೂಪರ್ ಲೀಡ್‌ನ ಒಳಗಿರುವುದು ವಾಲ್ವ್‌ಗಳು: ಮುಂದೆ ಮೂರು ಇಸಿಸಿ83, ಹಿಂದೆ ನಾಲ್ಕು ಇಎಲ್34. ನಮ್ಮ ಹಿರಿಯರ ಮನೆಯ ವಾಲ್ವ್ ರೇಡಿಯೊಗಳದ್ದೂ ಇದೇ ಕುಲ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ ಅಂಥ ರೇಡಿಯೊಗಳಿಗಾಗಿ ವಾಲ್ವ್ ತಯಾರಿಸುತ್ತಿತ್ತು. ವಾಲ್ವ್‌ಗೆ ತನ್ನ ಶಕ್ತಿಗೆ ಮೀರಿದ ಅಲೆ ಕೊಟ್ಟರೆ ಅಲೆಯ ನೆತ್ತಿಯನ್ನು ಅದು ಚಪ್ಪಟೆ ಮಾಡಿ ಹೊರಗೆ ಕಳಿಸುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆ ಹೊಸ ಉಪಸ್ವರಗಳು ಹುಟ್ಟುತ್ತವೆ. ಸ್ವಲ್ಪ ಹುಟ್ಟಿದರೆ ಸ್ವರ ದಪ್ಪಗಾಗುತ್ತದೆ, ಹೊಳೆಯುತ್ತದೆ. ಆದರೆ ಚಪ್ಪಟೆಯಾಗುವುದರ ಇನ್ನೊಂದು ಅರ್ಥವಿದೆ: ಮೆಲ್ಲಗೆ ಬಾರಿಸಿದ್ದಕ್ಕೂ ಜೋರಾಗಿ ಬಾರಿಸಿದ್ದಕ್ಕೂ ಅಂತರ ಕುಗ್ಗುತ್ತದೆ. ಗೇನ್ ತುಂಬ ಏರಿದಾಗ ಆ ಅಂತರ ಇಲ್ಲವಾಗುತ್ತದೆ. ಸವರಿದರೂ ಅಷ್ಟೇ, ಗುದ್ದಿದರೂ ಅಷ್ಟೇ. ಏಟು ಎಂಬುದು ಅಂತರದಿಂದ ಹುಟ್ಟುವ ಅನುಭವ. ಅಂತರವನ್ನೇ ಅಳಿಸಿದ ಮೇಲೆ ಏಟು ಎಲ್ಲಿಂದ ಬರಬೇಕು?

ಕಾರ್ಡ್‌ಗಳ ವಿಷಯದಲ್ಲಿ ಹಾನಿ ಇನ್ನೂ ದೊಡ್ಡದು. ಇದನ್ನು ನಮ್ಮ ಸ್ವರಗಳ ಹೆಸರಿನಲ್ಲೇ ಹೇಳಬಹುದು. ತಂಬೂರಿಯನ್ನು ಹದವಾಗಿ ಶ್ರುತಿ ಮಾಡಿದಾಗ ಷಡ್ಜದ ತಂತಿಯಿಂದ ಯಾರೂ ಮೀಟದ ಗಾಂಧಾರವೊಂದು ತಾನಾಗಿ ತೇಲಿಬರುವುದನ್ನು ಕರ್ನಾಟಕದ ಸಂಗೀತ ಕೇಳುಗರೆಲ್ಲ ಬಲ್ಲರು. ಅದು ಷಡ್ಜದ ಐದನೆಯ ಉಪಸ್ವರ, ಪ್ರಕೃತಿಯ ಅಂತರ ಗಾಂಧಾರ. ಗಿಟಾರಿನ ಮೆಟ್ಟಿಲುಗಳ ಮೇಲಿರುವ ಗಾಂಧಾರ ಅದಲ್ಲ. ಹನ್ನೆರಡು ಸ್ವರಗಳನ್ನು ಸಮನಾಗಿ ಹಂಚಿದ ಪಾಶ್ಚಾತ್ಯ ಶ್ರುತಿಯಲ್ಲಿ ಅದು ಪ್ರಕೃತಿಯ ಗಾಂಧಾರಕ್ಕಿಂತ ಸುಮಾರು 14 ಸೆಂಟ್‌ನಷ್ಟು ಮೇಲಿರುತ್ತದೆ. ಶುದ್ಧ ಸದ್ದಿನಲ್ಲಿ ಕಿವಿ ಇದನ್ನು ಕ್ಷಮಿಸುತ್ತದೆ. ಗೇನ್ ಕ್ಷಮಿಸುವುದಿಲ್ಲ.

ಎ ಕಾರ್ಡ್ ತೆಗೆದುಕೊಳ್ಳಿ. ಷಡ್ಜ 110 ಹರ್ಟ್ಜ್, ಅದರ ಐದನೆಯ ಉಪಸ್ವರ 550. ಕಾರ್ಡ್‌ನೊಳಗಿನ ಗಾಂಧಾರ 277.2 ಹರ್ಟ್ಜ್, ಅದರ ಎರಡನೆಯ ಉಪಸ್ವರ 554.4. ಡಿಸ್ಟಾರ್ಷನ್ ಈ ಎರಡನ್ನೂ ಎತ್ತಿ ಮುಂದಿಟ್ಟಾಗ ಅವು ಸೆಕೆಂಡಿಗೆ ನಾಲ್ಕು ಬಾರಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಅಷ್ಟೇ ಅಲ್ಲ, ಒಡೆದ ಸರ್ಕ್ಯೂಟಿನಲ್ಲಿ ಎರಡು ಸ್ವರ ಕೂಡಿದರೆ ಅವುಗಳ ವ್ಯತ್ಯಾಸದ ಕಂಪನಸಂಖ್ಯೆಯಲ್ಲಿ ಮೂರನೆಯದೊಂದು ಹುಟ್ಟುತ್ತದೆ. 110ರ ಷಡ್ಜ ಮತ್ತು 164.8ರ ಪಂಚಮದಿಂದ 54.8 ಹುಟ್ಟುತ್ತದೆ. ಅದು ಹೆಚ್ಚುಕಡಿಮೆ ಕೆಳಗಿನ ಸ್ಥಾಯಿಯ ಷಡ್ಜವೇ, ಸೊಗಸಾಗಿ ಕೂಡಿಕೊಳ್ಳುತ್ತದೆ. ಆದರೆ 220ರ ಷಡ್ಜ ಮತ್ತು ಗಾಂಧಾರದಿಂದ 57.2, ಗಾಂಧಾರ ಮತ್ತು ಮೇಲಿನ 329.6ರ ಪಂಚಮದಿಂದ 52.4 ಹುಟ್ಟುತ್ತವೆ. ಸರಿಯಾದ ಷಡ್ಜ 55. ಅದರ ಎರಡೂ ಪಕ್ಕದಲ್ಲಿ ಎರಡು ಅಪಸ್ವರಗಳು ಗುರುಗುಟ್ಟುತ್ತಿರುತ್ತವೆ. ಗೇನ್ ಏರಿಸಿದವರು ಕಾರ್ಡ್‌ನಿಂದ ಗಾಂಧಾರವನ್ನೇ ಕಿತ್ತುಹಾಕಿ ಷಡ್ಜ-ಪಂಚಮಗಳ ಪವರ್ ಕಾರ್ಡ್‌ಗೆ ಓಡಿಹೋಗುವುದು ಇದಕ್ಕಾಗಿ. ಅವರು ಅದನ್ನು ಶೈಲಿ ಎಂದು ಕರೆದುಕೊಂಡರೂ ಬಹಳ ಸಲ ಅದು ಗೇನ್ ಹೇರಿದ ಬಲವಂತ.

ಎಸಿ/ಡಿಸಿಯದೇ ‘ಹೈವೇ ಟು ಹೆಲ್’ನ ರಿಫ್‌ನಲ್ಲಿ ಡಿ ಕಾರ್ಡ್‌ನ ಅಡಿಪಾಯಕ್ಕೆ ಎಫ್ ಶಾರ್ಪ್ ಬರುತ್ತದೆ. ಎಂದರೆ ಡಿಯ ಗಾಂಧಾರವೇ ಎಲ್ಲಕ್ಕಿಂತ ಕೆಳಗೆ ಕುಳಿತಿರುತ್ತದೆ. ತೀವ್ರ ಗೇನ್‌ನಲ್ಲಿ ಇದಕ್ಕಿಂತ ಕೆಸರೆಬ್ಬಿಸುವ ಕಾರ್ಡ್ ಹುಡುಕುವುದು ಕಷ್ಟ. 1979ರ ಆ ಮುದ್ರಿಕೆಯಲ್ಲಿ ಅದು ಗಂಟೆಯಂತೆ ಕೇಳುತ್ತದೆ. ಏಕೆಂದರೆ ಅಲ್ಲಿ ಕೆಸರಾಗುವಷ್ಟು ಗೇನ್ ಇಲ್ಲ.

ಅದು ಇಲ್ಲದಂತೆ ನೋಡಿಕೊಂಡವನ ಬಗ್ಗೆ ಹೇಳಬೇಕು. ಎಸಿ/ಡಿಸಿ ಎಂದರೆ ಶಾಲಾ ಸಮವಸ್ತ್ರ ತೊಟ್ಟು ವೇದಿಕೆಯ ಉದ್ದಗಲ ಓಡಾಡುವ ಆಂಗಸ್ ಯಂಗ್ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಡ್ರಮ್ ಪಕ್ಕದಲ್ಲಿ ನಿಂತು ಜಾಗ ಬಿಟ್ಟು ಕದಲದ ಅವನ ಅಣ್ಣ ಮಾಲ್ಕಮ್ ತಂಡದ ಬೆನ್ನೆಲುಬಾಗಿದ್ದ. ಗ್ಲಾಸ್ಗೊದಲ್ಲಿ ಹುಟ್ಟಿ 1963ರಲ್ಲಿ ಕುಟುಂಬದೊಂದಿಗೆ ಸಿಡ್ನಿಗೆ ವಲಸೆ ಬಂದ ಈ ಅಣ್ಣ-ತಮ್ಮಂದಿರು 1973ರಲ್ಲಿ ತಂಡ ಕಟ್ಟಿದರು. ಮಾಲ್ಕಮ್‌ನ ಕೈಯಲ್ಲಿದ್ದದ್ದು 1963ರ ಗ್ರೆಚ್ ಜೆಟ್ ಫೈರ್‌ಬರ್ಡ್. ಒಳಗೆ ಟೊಳ್ಳು ಕೊರೆದ ಒಡಲಿನ ಗಿಟಾರ್ ಅದು. ಕತ್ತಿನ ಬಳಿಯ ಪಿಕಪ್ ಕಿತ್ತು, ಮೇಲಿನ ಕೆಂಪು ಬಣ್ಣ ಕೆರೆದು, ಬ್ರಿಡ್ಜ್ ಬಳಿಯ ಒಂದೇ ಪಿಕಪ್ ಉಳಿಸಿಕೊಂಡಿದ್ದ. ತಂತಿಗಳು ಇವತ್ತಿನ ರಾಕ್ ಗಿಟಾರಿಸ್ಟರು ಮುಟ್ಟಲು ಹಿಂಜರಿಯುವಷ್ಟು ದಪ್ಪ: ಮೊದಲ ತಂತಿಯೇ .012 ಇಂಚು, ಮೂರನೆಯದು ಸುತ್ತು ಹಾಕಿದ್ದು. ಆಂಪ್ ಮಾರ್ಷಲ್‌ನ 100 ವಾಟ್ ಸೂಪರ್ ಬೇಸ್, ಒಡೆಯುವ ಅಂಚಿನಲ್ಲಿ ನಿಲ್ಲಿಸಿದ್ದು.

ಈ ಪಟ್ಟಿಯ ಒಂದೊಂದನ್ನೂ ಗೇನ್ ಪಂಥದ ಕಣ್ಣಿನಿಂದ ನೋಡಿ, ಎಲ್ಲವೂ ತಲೆಕೆಳಗು. ಟೊಳ್ಳು ಒಡಲಿನ ಗಿಟಾರ್ ಹೆಚ್ಚು ಗೇನ್ ಕೊಟ್ಟರೆ ಊಳಿಡುತ್ತದೆ. ದಪ್ಪ ತಂತಿ ಬೆರಳಿಗೆ ಒಲಿಯುವುದಿಲ್ಲ, ವೇಗದ ಸೋಲೊಗಳಿಗೆ ಅಡ್ಡಿ. ಬೇಸ್ ಗಿಟಾರಿಗೆಂದು ಮಾಡಿದ ಆಂಪ್ ಗಿಟಾರಿಗೆ ತಡವಾಗಿ ಒಡೆಯುತ್ತದೆ. ಆದರೆ ಮಾಲ್ಕಮ್‌ಗೆ ಬೇಕಿದ್ದುದು ಬಲಗೈಯ ಪ್ರತಿ ಏಟು ಸ್ಪೀಕರಿನ ತನಕ ಹಾಗೇ ತಲುಪುವುದು. ದಪ್ಪ ತಂತಿ ಗಟ್ಟಿಯಾಗಿ ಹೊಡೆದರೂ ಶ್ರುತಿ ತಪ್ಪದೆ ತಾಳಿಕೊಳ್ಳುತ್ತದೆ. ಒಡೆಯದ ಆಂಪ್‌ನಲ್ಲಿ ಗಟ್ಟಿಯಾಗಿ ಹೊಡೆದದ್ದು ಗಟ್ಟಿಯಾಗಿಯೇ ಕೇಳುತ್ತದೆ. ಆ ಸಂಗೀತದಲ್ಲಿ ನಾವು ಗಡಸು ಎಂದು ಕರೆಯುವುದು ಮಣಿಕಟ್ಟಿನ ಬಲ ಮತ್ತು ಲಯದ ಖಚಿತತೆ. ಅದು ತಾಳವಾದ್ಯದ ಗುಣ. 2017ರ ನವೆಂಬರಿನಲ್ಲಿ ಮಾಲ್ಕಮ್ ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಅವನ ರಿದಮ್ ಕೈಯನ್ನು ಹೊಗಳದವರಿರಲಿಲ್ಲ. ಆದರೂ ಅವನ ಟೋನ್ ಬೇಕೆನ್ನುವವರು ಇಂದಿಗೂ ಪೆಡಲ್ ಹುಡುಕುತ್ತಾರೆ.

ಒಂದೇ ತಂಡವನ್ನು ಹಿಡಿದು ವಾದಿಸುತ್ತಿದ್ದೇನೆಂದು ಯಾರಾದರೂ ಹೇಳಬಹುದು. ಹಾಗಾದರೆ ರಾಕ್‌ನಲ್ಲಿ ಅತ್ಯಂತ ಭಾರದ ನಾದ ಯಾರದ್ದೆಂದು ಅವರನ್ನೇ ಕೇಳೋಣ. ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೊಮ್ಮಿ ಎನ್ನುತ್ತಾರೆ, ಸರಿಯಾಗಿಯೇ. ಹದಿನೇಳರ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡ ಅಯೊಮ್ಮಿ, 1970ರ ಮೊದಲ ಆಲ್ಬಮ್ಮಿನ ಕಾಲದಲ್ಲಿ ಗಿಟಾರ್ ಮತ್ತು ಆಂಪ್ ನಡುವೆ ಇಟ್ಟುಕೊಂಡಿದ್ದ ಪೆಟ್ಟಿಗೆ ಡಲಾಸ್ ರೇಂಜ್‌ಮಾಸ್ಟರ್. ಅದು ಟ್ರೆಬಲ್ ಬೂಸ್ಟರ್: ಒಂದೇ ಜರ್ಮೇನಿಯಂ ಟ್ರಾನ್ಸಿಸ್ಟರ್ ಇಟ್ಟುಕೊಂಡು ಮೇಲಿನ ಸ್ವರಗಳನ್ನು ಎತ್ತಿ ಮಂದ್ರವನ್ನು ಸೋಸಿಹಾಕುವ ಸರ್ಕ್ಯೂಟು. ಅದು ಆಂಪ್ ಅನ್ನು ಹೆಚ್ಚು ತಳ್ಳುತ್ತಿತ್ತು ನಿಜ, ಆದರೆ ಮಂದ್ರವನ್ನು ಹೊರಗಿಟ್ಟು ತಳ್ಳುತ್ತಿತ್ತು. ಆದ್ದರಿಂದ ಒಡಕು ಕೆಸರಾಗಲಿಲ್ಲ. ಹಾಗಾದರೆ ಆ ಭಾರ? ಅದೇ ರಿಫ್ ಅನ್ನು ಅಡಿಯಲ್ಲಿ ಬೇಸ್ ಗಿಟಾರಿನಲ್ಲಿ ನುಡಿಸುತ್ತಿದ್ದ ಗೀಜರ್ ಬಟ್ಲರ್‌ನದು. ಗಿಟಾರಿನ ಅತಿ ಕೆಳಗಿನ ಸ್ವರ 82 ಹರ್ಟ್ಜ್, ಬೇಸ್‌ನದು 41. ಕೇಳುಗ ಎರಡನ್ನೂ ಒಂದೇ ದೊಡ್ಡ ಗಿಟಾರ್ ಎಂದು ಕೇಳುತ್ತಾನೆ. ಮನೆಗೆ ಬಂದು ಆ ಎರಡನ್ನೂ ತನ್ನೊಂದು ಗಿಟಾರಿನಿಂದ ಹಿಂಡಲು ಬೇಸ್ ನಾಬ್ ತಿರುಗಿಸುತ್ತಾನೆ, ಗೇನ್ ತಿರುಗಿಸುತ್ತಾನೆ.

ಡೀಪ್ ಪರ್ಪಲ್‌ನ ‘ಸ್ಮೋಕ್ ಆನ್ ದ ವಾಟರ್’ನದ್ದೂ ಇದೇ ಕಥೆ. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ ಮುದ್ರಣಕ್ಕೆಂದು ಗೊತ್ತುಮಾಡಿದ್ದ ಕ್ಯಾಸಿನೊ ಸುಟ್ಟುಹೋದ ಮೇಲೆ, ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಓಣಿಗಳಲ್ಲಿ ತಂಡ ಬಹುಪಾಲು ಆಲ್ಬಮ್ ಮುದ್ರಿಸಿತು. ರಿಚಿ ಬ್ಲ್ಯಾಕ್‌ಮೋರ್ ಆ ರಿಫ್‌ನ ಜೋಡಿ ಸ್ವರಗಳನ್ನು ಬೆರಳಿನಿಂದ ಒಟ್ಟಿಗೇ ಮೀಟುತ್ತಾನೆ, ಪಿಕ್‌ನಿಂದ ಉಜ್ಜುವುದಿಲ್ಲ. ಎಲ್ಲರೂ ಸೇರಿದ ಮೇಲೆ ಆ ರಿಫ್ ಉಬ್ಬುವುದು ಜಾನ್ ಲಾರ್ಡ್‌ನ ಹ್ಯಾಮಂಡ್ ಆರ್ಗನ್‌ನಿಂದ. ಅವನು ಆರ್ಗನ್ನನ್ನು ಮಾರ್ಷಲ್ ಆಂಪ್ ಮೂಲಕ ಒಡೆದು ನುಡಿಸುತ್ತಿದ್ದ. ಜಗತ್ತಿನ ಪ್ರತಿ ಗಿಟಾರ್ ಕಲಿಯುವವನೂ ಮೊದಲು ನುಡಿಸುವ ಆ ‘ಗಿಟಾರ್ ಟೋನ್’ನಲ್ಲಿ ದೊಡ್ಡ ಪಾಲು ಆರ್ಗನ್ನಿನದು. ಅದನ್ನು ಯಾವ ಗೇನ್ ತಂದುಕೊಡುತ್ತದೆ?

ಲೆಡ್ ಜೆಪ್ಪೆಲಿನ್‌ನ ಮೊದಲ ಆಲ್ಬಮ್ಮಿಗೆ ಜಿಮ್ಮಿ ಪೇಜ್ ಬಳಸಿದ್ದು ಟೆಲಿಕಾಸ್ಟರ್ ಗಿಟಾರ್ ಮತ್ತು ಸುಪ್ರೊ ಎಂಬ ಸಣ್ಣ ಆಂಪ್. ಲೆಸ್ ಪಾಲ್ ಗಿಟಾರ್ ಮತ್ತು ಮಾರ್ಷಲ್ ಆಂಪ್ ಎಂದು ಬಹಳ ಜನ ಊಹಿಸಿದ್ದರು. ಪೇಜ್ ಆ ಗಾತ್ರವನ್ನು ಪಡೆದದ್ದು ಮೈಕನ್ನು ಆಂಪ್‌ನಿಂದ ದೂರವಿಟ್ಟು, ಕೋಣೆಯ ಗಾಳಿಯನ್ನೂ ಮುದ್ರಿಸಿಕೊಂಡು.

ಎಡ್ಡಿ ವ್ಯಾನ್ ಹೇಲನ್ ಬಗ್ಗೆ ಹೇಳದಿದ್ದರೆ ಎದುರು ಪಕ್ಷದವರು ಬಿಡುವುದಿಲ್ಲ, ಏಕೆಂದರೆ ಗೇನ್ ಪಂಥದ ಮುಖ್ಯ ದೇವರು ಅವನೇ. 1978ರ ಮೊದಲ ಆಲ್ಬಮ್ಮಿನಲ್ಲಿ ಗೇನ್ ಇದೆ, ಮಾಲ್ಕಮ್‌ನದಕ್ಕಿಂತ ಬಹಳ ಹೆಚ್ಚೇ ಇದೆ, ಒಪ್ಪುತ್ತೇನೆ. ಆದರೆ ಅದು ಬಂದ ಬಗೆ ನೋಡಿ. ಮಾರ್ಷಲ್ ಸೂಪರ್ ಲೀಡ್‌ನ ವಾಲ್ಯೂಮ್ ಪೂರ್ತಿ ತಿರುಗಿಸಿ, ವೇರಿಯಾಕ್ ಎಂಬ ಟ್ರಾನ್ಸ್‌ಫಾರ್ಮರಿನಿಂದ ಅದಕ್ಕೆ ಹೋಗುವ ವಿದ್ಯುತ್ತಿನ ವೋಲ್ಟೇಜನ್ನು ಇಳಿಸುತ್ತಿದ್ದ. ಇಳಿಸುತ್ತಿದ್ದ ಎಂಬುದನ್ನು ಗಮನಿಸಿ. ಆರಂಭದ ದಿನಗಳಲ್ಲಿ ಏರಿಸುತ್ತೇನೆ ಎಂದು ಅವನೇ ಹೇಳಿಕೊಂಡಿದ್ದ. ಅದನ್ನು ನಂಬಿದವರು ಹಲವರು, ಏಕೆಂದರೆ ‘ಹೆಚ್ಚು ಎಂದರೆ ಗಡಸು’ ಎಂಬ ಪೂರ್ವಗ್ರಹಕ್ಕೆ ಅದು ಚೆನ್ನಾಗಿ ಹೊಂದುತ್ತಿತ್ತು. ಇನ್ನು ಆ ಆಲ್ಬಮ್ಮಿನಲ್ಲಿ ಗಿಟಾರ್ ಎಡಗಡೆ ಇದೆ, ಅದರ ಪ್ರತಿಧ್ವನಿ ಬಲಗಡೆ. ಹಾಲಿವುಡ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೊದ ಪ್ರತಿಧ್ವನಿ ಕೊಠಡಿಯನ್ನು ಎಂಜಿನಿಯರ್ ಡಾನ್ ಲ್ಯಾಂಡಿ ವಾದ್ಯದ ಹಾಗೆ ಬಳಸಿಕೊಂಡಿದ್ದಾನೆ. ಒಂದೇ ಗಿಟಾರ್ ಇಡೀ ಕೋಣೆ ತುಂಬುವುದು ಅದರಿಂದ.

ಇಷ್ಟೆಲ್ಲ ಸಾಕ್ಷ್ಯವಿದ್ದೂ ತಪ್ಪು ಅಭಿಪ್ರಾಯ ಏಕೆ ಇಷ್ಟು ಗಟ್ಟಿಯಾಗಿ ನಿಂತಿದೆ? ಮುಖ್ಯ ಕಾರಣ ಸದ್ದಿನ ಮಟ್ಟ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಪ್ರಕಟಿಸಿದ ಅಳತೆಗಳ ಪ್ರಕಾರ, ಸದ್ದು ಸಣ್ಣದಾದಾಗ ಮಂದ್ರ ಸ್ವರಗಳು ಮತ್ತು ಅತಿ ಮೇಲಿನ ಸ್ವರಗಳು ನಮ್ಮ ಕಿವಿಗೆ ಮಧ್ಯದವಕ್ಕಿಂತ ಬೇಗ ಮಾಯವಾಗುತ್ತವೆ. ಮನೆಯಲ್ಲಿ ಪಕ್ಕದ ಕೋಣೆಗೆ ಕೇಳದಂತೆ ನುಡಿಸುವವನಿಗೆ ಗಿಟಾರ್ ಬಡಕಲಾಗಿ ಕೇಳುವುದು ಸಹಜ. ಅವನು ಬೇಸ್ ಏರಿಸುತ್ತಾನೆ, ಮಿಡ್ ಇಳಿಸುತ್ತಾನೆ, ಉಳಿದ ಕೊರತೆಯನ್ನು ಗೇನ್‌ನಿಂದ ತುಂಬುತ್ತಾನೆ. ಜೊತೆಗೆ ಅವನು ನುಡಿಸುವುದು ಒಂಟಿಯಾಗಿ. ಒಂಟಿ ಗಿಟಾರ್ ಇಡೀ ತಂಡದ ಹಾಗೆ ಕೇಳಬೇಕೆಂದು ಬಯಸುತ್ತಾನೆ. ಪೆಡಲ್ ಮಾರುವವರ ಪ್ರದರ್ಶನ ವಿಡಿಯೊಗಳಲ್ಲೂ ಗಿಟಾರ್ ಒಂಟಿಯೇ. ಅಲ್ಲಿ ಗೆಲ್ಲುವುದು ಯಾವಾಗಲೂ ಹೆಚ್ಚು ತುಂಬಿಕೊಂಡ ಸದ್ದು.

ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿದೆ. ಈ ಊರು ಮೆಟಲ್ ಸಂಗೀತವನ್ನು ಮನಸಾರೆ ಪ್ರೀತಿಸಿದ ಊರು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದಾಗ ದೇಶದ ಮೂಲೆಮೂಲೆಯಿಂದ ಜನ ಬಂದಿದ್ದರು. ಮೆಟಲ್‌ನ ಮೇಲೆ ನನ್ನ ಆಕ್ಷೇಪವಿಲ್ಲ. ಅಂಗೈಯಿಂದ ಅದುಮಿ ಒಂಟಿ ತಂತಿಯಲ್ಲಿ ವೇಗವಾಗಿ ಬಾರಿಸುವ ಆ ಶೈಲಿಗೆ ಬಿಗಿಯಾದ, ಹೆಚ್ಚಿನ ಗೇನ್ ಬೇಕು. ಆ ಸಂಗೀತ ಅದಕ್ಕೆಂದೇ ಬರೆದದ್ದು. ಆದರೆ ಆ ಆಂಪ್ ಸೆಟ್ಟಿಂಗ್ ಇಟ್ಟುಕೊಂಡೇ ತಂಡಗಳು ಎಪ್ಪತ್ತರ ದಶಕದ ಹಾಡಿಗೆ ಕೈಹಾಕಿದಾಗ ಆಗುವುದನ್ನು ಕಾಲೇಜು ಉತ್ಸವಗಳಲ್ಲಿ, ಪಬ್‌ಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ಇಬ್ಬರು ಗಿಟಾರಿಸ್ಟರು, ಇಬ್ಬರದೂ ಒಂದೇ ಗುಯ್‌ಗುಟ್ಟುವ ಗೋಡೆ. ಯಾರು ಯಾವ ಕಾರ್ಡ್ ನುಡಿಸಿದರೆಂದು ತಿಳಿಯುವುದಿಲ್ಲ. ಹಾಡುವ ಹುಡುಗಿ ಗಂಟಲು ಹರಿದುಕೊಳ್ಳುತ್ತಾಳೆ. ಸ್ನೇರ್ ಡ್ರಮ್ ಮುಳುಗಿಹೋಗಿದೆ. ಸೌಂಡ್ ಎಂಜಿನಿಯರ್ ಗಿಟಾರ್ ಇಳಿಸಿದರೆ ಗಿಟಾರಿಸ್ಟ್ ತಿರುಗಿ ಆಂಪ್ ಏರಿಸುತ್ತಾನೆ. ಎಷ್ಟು ಏರಿಸಿದರೂ ಅವನ ಗಿಟಾರ್ ಮುಂದೆ ಬರುವುದಿಲ್ಲ. ತಂಡದ ನಡುವೆ ಗಿಟಾರ್ ಕೇಳಬೇಕಾದ ಮಧ್ಯದ ಜಾಗವನ್ನು ಅವನೇ ಬರಿದು ಮಾಡಿಕೊಂಡಿದ್ದಾನೆ. ಆ ಮಕ್ಕಳ ಕೈಯಲ್ಲಿ ಪ್ರತಿಭೆ ಇದೆ. ತಪ್ಪು ದಾರಿ ತೋರಿಸಿದವರು ಬೇರೆ.

ಗೇನ್ ಪಂಥಕ್ಕೆ ಎದುರಾಗಿ ಇನ್ನೊಂದು ಮಾತು ಚಲಾವಣೆಯಲ್ಲಿದೆ: ಟೋನ್ ಇರುವುದು ಬೆರಳಲ್ಲಿ, ಸಲಕರಣೆ ಮುಖ್ಯವಲ್ಲ. ಅದನ್ನೂ ಹಾಗೇ ಒಪ್ಪಲಾರೆ. ಆಂಗಸ್ ಯಂಗ್‌ನ ಉದಾಹರಣೆಯೇ ಅದನ್ನು ಸುಳ್ಳಾಗಿಸುತ್ತದೆ. ಎಪ್ಪತ್ತರ ದಶಕದಲ್ಲಿ ಕೆನ್ ಶಾಫರ್ ರೂಪಿಸಿದ ಶಾಫರ್-ವೇಗಾ ಎಂಬ ವೈರ್‌ಲೆಸ್ ಉಪಕರಣವನ್ನು ಆಂಗಸ್ ವೇದಿಕೆಯಲ್ಲಷ್ಟೇ ಅಲ್ಲ, ಸ್ಟುಡಿಯೊದಲ್ಲೂ ಬಳಸಿದ. ಅದು ಗಿಟಾರಿನ ಸಂಕೇತವನ್ನು ಕುಗ್ಗಿಸಿ ಕಳಿಸಿ, ಆ ಬದಿಯಲ್ಲಿ ಮತ್ತೆ ಹಿಗ್ಗಿಸುತ್ತಿತ್ತು. ಹಾಗೆ ಮಾಡುವಾಗ ಸ್ವರಕ್ಕೆ ಒಂದು ವಿಶೇಷ ಮೊನಚು, ಉಬ್ಬು ಸೇರುತ್ತಿತ್ತು. ಅಭಿಮಾನಿ ಗಿಟಾರಿಸ್ಟನೊಬ್ಬ ವರ್ಷಗಟ್ಟಲೆ ಹುಡುಕಿ ಈ ಸುಳಿವನ್ನು ಹಿಡಿದ ಮೇಲೆ ಅದರ ಪ್ರತಿಕೃತಿಗಳೂ ಮಾರುಕಟ್ಟೆಗೆ ಬಂದವು. ಸಲಕರಣೆ ಮುಖ್ಯ ಎಂಬುದು ಇದರಿಂದ ಸಾಬೀತು. ಆದರೆ ಸಾಬೀತಾದ ಇನ್ನೊಂದನ್ನೂ ನೋಡಬೇಕು. ಅಷ್ಟು ವರ್ಷ ಜನ ಗೇನ್ ಏರಿಸಿ ಏರಿಸಿ ಆಂಗಸ್‌ನ ನಾದಕ್ಕಾಗಿ ತಡಕಾಡಿದರು, ಸಿಗಲಿಲ್ಲ. ಸಿಗದೆ ಉಳಿದಿದ್ದದ್ದು ಗೇನ್ ಆಗಿರಲಿಲ್ಲ.

ಬೆರಳಿನ ಮಾತಿನಲ್ಲಿ ಒಂದು ನಿಜವಿದೆ, ಅದಕ್ಕೊಂದು ಷರತ್ತೂ ಇದೆ. ಪಿಕ್ ತಂತಿಗೆ ತಗುಲುವ ಕೋನ, ಬ್ರಿಡ್ಜ್‌ನಿಂದ ಎಷ್ಟು ದೂರದಲ್ಲಿ ಹೊಡೆದಿರಿ, ಎಷ್ಟು ಬಲದಿಂದ, ಎಡಗೈ ಯಾವ ಕ್ಷಣಕ್ಕೆ ತಂತಿಯನ್ನು ಬಿಟ್ಟಿತು ಎಂಬವೆಲ್ಲ ಕೇಳಿಸುವುದು ಆಂ‌ಪ್ ಅವನ್ನು ಉಳಿಸಿಕೊಂಡರೆ ಮಾತ್ರ. ಗೇನ್ ತುಂಬಿ ತುಳುಕುವಾಗ ಮಾಲ್ಕಮ್ ಯಂಗ್‌ನ ಕೈಯೂ ನಿನ್ನೆ ಕಲಿತವನ ಕೈಯೂ ಬಹುಮಟ್ಟಿಗೆ ಒಂದೇ ಹಾಗೆ ಕೇಳುತ್ತವೆ. ಹೊಸಬರಿಗೆ ಗೇನ್ ಇಷ್ಟವಾಗುವುದಕ್ಕೂ ಇದೇ ಕಾರಣ: ಅದು ತಪ್ಪುಗಳನ್ನು ಮುಚ್ಚುತ್ತದೆ. ಮುಚ್ಚಿದ ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ಅವರಿಗೆ ಸಿಗುವುದೇ ಇಲ್ಲ. ಪಾಠ ಹೇಳುವವರು ಇದನ್ನು ತಿಳಿದೂ ಮೊದಲ ದಿನವೇ ವಿದ್ಯಾರ್ಥಿಯನ್ನು ಖುಷಿಪಡಿಸಲು ಡಿಸ್ಟಾರ್ಷನ್ ಹಾಕಿಕೊಡುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

100 ವಾಟ್‌ನ ಮಾರ್ಷಲ್ ಅನ್ನು ಅಪಾರ್ಟ್‌ಮೆಂಟಿನಲ್ಲಿ ತಿರುಗಿಸಲು ಸಾಧ್ಯವೇ ಎಂದು ಕೇಳುವವರಿದ್ದಾರೆ. ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಎಂಬ ಉಪಕರಣ ಬಂದಾಗಿನಿಂದ ಆಂಪ್‌ಗಳ ಡಿಜಿಟಲ್ ಅನುಕರಣೆ ಬಹಳ ದೂರ ಸಾಗಿದೆ. ಇವತ್ತಿನ ಸಾಧಾರಣ ಸಾಫ್ಟ್‌ವೇರ್ ಕೂಡ ಹಳೆಯ ಮಾರ್ಷಲ್ ಒಡೆಯುವ ಅಂಚಿನಲ್ಲಿ ವರ್ತಿಸುವುದನ್ನು ನಂಬುವಷ್ಟು ಚೆನ್ನಾಗಿ ಹಿಡಿದುಕೊಡುತ್ತದೆ. ಯಂತ್ರದಲ್ಲಿ ದೋಷವಿಲ್ಲ, ಪ್ರಿಸೆಟ್ ಮಾಡುವವರ ಕಿವಿಯಲ್ಲಿದೆ.

ಅವರ ಪ್ರಿಸೆಟ್ ಅಳಿಸಿ. ಹಳೆಯ ಮಾರ್ಷಲ್‌ನ ಮಾದರಿ ತೆರೆದು ಒಡಕು ಪೂರ್ತಿ ಮಾಯವಾಗುವವರೆಗೆ ಇಳಿಸಿ, ಆಮೇಲೆ ಗಟ್ಟಿಯಾಗಿ ಹೊಡೆದಾಗ ಮಾತ್ರ ಒಡೆಯುವಷ್ಟು ಏರಿಸಿ. ಬೇಸ್ ಇಳಿಸಿ, ಮಿಡ್ ಏರಿಸಿ. ಕೈಗೆ ತಾಳುವಷ್ಟು ದಪ್ಪ ತಂತಿ ಹಾಕಿ. ಡ್ರಮ್ ಮತ್ತು ಬೇಸ್‌ನ ಟ್ರ್ಯಾಕ್ ಹಾಕಿಕೊಂಡು, ಅವುಗಳ ಜೊತೆಯಲ್ಲೇ ನುಡಿಸಿ. ಮುದ್ರಿಸುವಾಗ ಗಾತ್ರ ಸಾಲದೆನಿಸಿದರೆ ಅದೇ ರಿಫ್ ಅನ್ನು ಇನ್ನೊಮ್ಮೆ ಹೊಸದಾಗಿ ನುಡಿಸಿ, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಇಡಿ. ಮೊದಲ ವಾರ ಒಣಗಿದ ಹಾಗೆ, ಬೆತ್ತಲೆಯ ಹಾಗೆ ಕೇಳುತ್ತದೆ. ನಿಮ್ಮ ಲಯದ ಪ್ರತಿ ತಪ್ಪೂ ಎದ್ದು ಕಾಣುತ್ತದೆ, ತಿದ್ದಿಕೊಳ್ಳಿ. ‘ಹೈವೇ ಟು ಹೆಲ್’ನ ಆ ಡಿ ಕಾರ್ಡ್ ಹಿಡಿದು, ಅಡಿಯ ಎಫ್ ಶಾರ್ಪ್ ಬೇರೆಯಾಗಿ, ಮೇಲಿನ ಪ್ರತಿ ತಂತಿಯೂ ಬೇರೆಯಾಗಿ ಕೇಳುತ್ತದೆಯೇ ನೋಡಿ. ಕೇಳದಿದ್ದರೆ ಗೇನ್ ಇನ್ನೂ ಹೆಚ್ಚಿದೆ, ಇಳಿಸಿ.